ಮನೆಯೊಳಗಿನ ನೆಲಗಪ್ಪೆ

ಮುಂಬೈಯಲ್ಲಿ ಮಳೆ ಹಿಡಿದರೆ ಬೋರಿವಲಿ, ಗೋರೆಗಾಂವ್, ಮುಲುಂಡ್ ಕಡೆಯ ಹೌಸಿಂಗ್ ಸೊಸೈಟಿಗಳ ದೀಪದ ಕಂಬದಡಿ ಹುಳುಗಳಿಗಾಗಿ ಕಾದು ಕೂರುವುದು ಸಾಮಾನ್ಯ ನೆಲಗಪ್ಪೆ. ಇದರ ವೈಜ್ಞಾನಿಕ ಹೆಸರು ದುತ್ತಾಫ್ರೈನಸ್ ಮೆಲನೋಸ್ಟಿಕ್ಟಸ್. ಒರಟು ಚರ್ಮ, ತಲೆಯ ಮೇಲೆ ಕಪ್ಪು ಏಣು, ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿ ಇದರ ಗುರುತು. ಮುಟ್ಟಿದರೆ ನರುಲಿ ಏಳುತ್ತದೆಂಬುದು ಬರೀ ಸುಳ್ಳು; ನರುಲಿಗೆ ಕಾರಣ ವೈರಸ್. ಆದರೆ ಗ್ರಂಥಿಯ ಹಾಲಿನಂಥ ದ್ರವ ಕಣ್ಣಿಗೆ ತಾಗಿದರೆ ಉರಿಯುತ್ತದೆ, ಕಪ್ಪೆಯನ್ನು ಕಚ್ಚಿದ ನಾಯಿ ಜೊಲ್ಲು ಸುರಿಸುತ್ತದೆ.

ಸಾಕುವವರಿಗೆ ಗಾಜಿನ ತೊಟ್ಟಿ, ತೇವದ ಮಣ್ಣು, ಅಡಗಲು ಮಡಕೆಚೂರು, ಅಗಲವಾದ ನೀರಿನ ತಟ್ಟೆ ಬೇಕು. ನೆಲಗಪ್ಪೆ ಬಾಯಿಂದ ಕುಡಿಯುವುದಿಲ್ಲ, ಚರ್ಮದಿಂದಲೇ ನೀರು ಹೀರುತ್ತದೆ. ಹಾಗಾಗಿ ಕ್ಲೋರಿನ್ ಬೆರೆತ ನಲ್ಲಿನೀರು ಅಪಾಯ. ಅಲುಗಾಡುವ ಬೇಟೆಯನ್ನಷ್ಟೇ ಅದು ಗಮನಿಸುತ್ತದೆ. ಅನ್ನ ಹಾಕಿ ಪ್ರಯೋಜನವಿಲ್ಲ, ಜೀವಂತ ಜಿರಳೆ, ಮಿಡತೆ, ಎರೆಹುಳು ಒದಗಿಸಬೇಕು. ನುಂಗುವಾಗ ಕಣ್ಣುಗುಡ್ಡೆಗಳು ಒಳಗಿಳಿದು ತುತ್ತನ್ನು ಗಂಟಲಿಗೆ ದೂಡುವುದು ನೋಡಲೇಬೇಕಾದ ದೃಶ್ಯ. ಕಳಚಿದ ಚರ್ಮವನ್ನೂ ಅದು ಬಿಡದೆ ತಿನ್ನುತ್ತದೆ.

ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಯಾವ ಪ್ರಾಣಿಯನ್ನೂ ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಾಕಿದ್ದನ್ನು ದೂರದೂರಿನಲ್ಲಿ ಬಿಡುವುದೂ ಸಲ್ಲ. ಮಡಗಾಸ್ಕರ್‌ಗೆ ಹೇಗೋ ತಲುಪಿದ ಇದೇ ಜಾತಿಯ ಕಪ್ಪೆ 2014ರಿಂದೀಚೆಗೆ ಅಲ್ಲಿನ ಜೀವಿಗಳಿಗೆ ಕಂಟಕವಾಗಿದೆ. ನೆಲಗಪ್ಪೆ ಬೇಕೆನಿಸಿದರೆ ಹೂಕುಂಡಗಳ ನಡುವೆ ತಂಪು ಜಾಗ ಬಿಟ್ಟು ಕೀಟನಾಶಕ ನಿಲ್ಲಿಸುವುದೇ ಲೇಸು.