ಕೀಟನಾಶಕ ಮತ್ತು ಕೆರೆಯ ನೀರು: ಅಪಾಯದ ಲೆಕ್ಕಾಚಾರ

ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಮುಳಬಾಗಿಲು ತಾಲ್ಲೂಕಿನ ನಂಗಲಿ ಭಾಗದಲ್ಲಿ ಟೊಮ್ಯಾಟೊ ಪ್ರಮುಖ ವಾಣಿಜ್ಯ ಬೆಳೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಗೆ ಕೆರೆಗಳೇ ಜೀವಾಳ. ಬೆಳೆಗೆ ಸಿಂಪಡಿಸಿದ ಔಷಧದ ಒಂದಂಶ ಮಳೆನೀರಿನೊಡನೆ ಹರಿದು ಈ ಕೆರೆಕುಂಟೆಗಳನ್ನೇ ಸೇರುವ ಸಂಭವವಿರುವುದರಿಂದ, ಇದು ಕೃಷಿಕರಂತೆ ವರ್ತಕರೂ ಗಮನಿಸಬೇಕಾದ ವಿಷಯ.

ಬಣ್ಣದ ಗುರುತು ಹೇಳದಿರುವುದು

1971ರ ಕೀಟನಾಶಕ ನಿಯಮಗಳನ್ವಯ ಡಬ್ಬಿಗಳ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿರುತ್ತದೆ. ಪ್ರಯೋಗಪ್ರಾಣಿಗಳ ಮೇಲಿನ ವಿಷತ್ವವನ್ನು ಆಧರಿಸಿದ ಈ ವರ್ಗೀಕರಣವು ಮನುಷ್ಯರಿಗಿರುವ ಅಪಾಯದ ಸೂಚನೆಯೇ ಹೊರತು ಜಲಚರಗಳಿಗೆ ಸಂಬಂಧಿಸಿದ್ದಲ್ಲ. ಟೊಮ್ಯಾಟೊ ಕಾಯಿಕೊರಕಕ್ಕೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ಗುರುತಿನದು. ಆದರೆ ಮೀನುಗಳಿಗೆ ಆಹಾರವಾಗುವ ಡಾಫ್ನಿಯಾ ಎಂಬ ಸೂಕ್ಷ್ಮ ನೀರುಜೀವಿಗೆ ಲೀಟರಿಗೆ ಸುಮಾರು 12 ಮೈಕ್ರೋಗ್ರಾಂ ಪ್ರಮಾಣವೇ ಮಾರಕ.

ಲೆಕ್ಕದ ಕ್ರಮ

ಅಪಾಯವೆಂದರೆ ಕೇವಲ ವಿಷತ್ವವಲ್ಲ. ವಿಷತ್ವ ಮತ್ತು ನೀರಿನಲ್ಲಿ ಸೇರಬಹುದಾದ ಪ್ರಮಾಣ, ಇವೆರಡರ ಅನುಪಾತ. ಯುರೋಪಿನ ಪದ್ಧತಿಯಲ್ಲಿ ಇಂತಹ ಮಾರಕ ಪ್ರಮಾಣವನ್ನು ಸುರಕ್ಷತೆಗಾಗಿ 100ರಿಂದ ಭಾಗಿಸುತ್ತಾರೆ. ಅದರಂತೆ ಇಲ್ಲಿ ಸುರಕ್ಷಿತ ಮಿತಿ 0.12 ಮೈಕ್ರೋಗ್ರಾಂ.

ಹೆಕ್ಟೇರಿಗೆ 30 ಗ್ರಾಂ ಮೂಲವಸ್ತುವಿನಂತೆ 10 ಹೆಕ್ಟೇರಿಗೆ ಸಿಂಪಡಿಸಲಾಗಿದೆ, ಅದರಲ್ಲಿ ಶೇಕಡಾ 1ರಷ್ಟು ನೀರಿಗೆ ಸೇರಿದೆ ಎಂದು ಭಾವಿಸೋಣ. ಆ 3 ಗ್ರಾಂ ಔಷಧವು 1,000 ಘನಮೀಟರ್ ನೀರಿರುವ ಕುಂಟೆಯಲ್ಲಿ ಲೀಟರಿಗೆ 3 ಮೈಕ್ರೋಗ್ರಾಂ ಆಗುತ್ತದೆ. ಮಿತಿಯ 25 ಪಟ್ಟು. 1 ಲಕ್ಷ ಘನಮೀಟರ್ ನೀರಿರುವ ಕೆರೆಯಲ್ಲಾದರೋ ಮಿತಿಯ ಕಾಲುಭಾಗ ಮಾತ್ರ. ಔಷಧ ಒಂದೇ, ಪ್ರಮಾಣವೂ ಒಂದೇ. ನೀರು ತಗ್ಗಿದಂತೆ ಅಪಾಯ ಹೆಚ್ಚುತ್ತದೆ. ಬೇಸಿಗೆಯ ಅಂತ್ಯದಲ್ಲಿ ಬರುವ ಮೊದಲ ಮಳೆಯು ಈ ಕಾರಣದಿಂದಲೇ ನಿರ್ಣಾಯಕ.

ವ್ಯಾಪಾರಿಯ ಹೊಣೆ

ಕಾಸರಗೋಡಿನ ಗೇರು ತೋಟಗಳಲ್ಲಿ ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿದ್ದ ಎಂಡೋಸಲ್ಫಾನ್ ಮೀನುಗಳಿಗೂ ಅತ್ಯಂತ ವಿಷಕಾರಿ. ಸರ್ವೋಚ್ಚ ನ್ಯಾಯಾಲಯವು 2011ರ ಮೇ 13ರಂದು ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಮುಂಚಿತವಾಗಿ ಅಳೆಯದ ಅಪಾಯದ ಬೆಲೆಯನ್ನು ಜನರು ಮೊದಲು ತೆತ್ತರು, ಉದ್ಯಮ ಅನಂತರ ತೆತ್ತಿತು.

ಮೀನು ಸಾಕಾಣಿಕೆಗೆ ಗುತ್ತಿಗೆ ಪಡೆದ ಕೆರೆಯೂ ಒಂದು ಬಂಡವಾಳವೇ. ಡಬ್ಬಿಯೊಡನೆ ಬರುವ ಕರಪತ್ರದಲ್ಲಿನ ಜಲಚರಗಳ ಕುರಿತ ಎಚ್ಚರಿಕೆಯನ್ನು ರೈತರಿಗೆ ಓದಿ ಹೇಳುವುದು, ಮಳೆಯ ಮುನ್ಸೂಚನೆಯಿದ್ದಾಗ ಸಿಂಪಡಣೆ ಮುಂದೂಡಲು ತಿಳಿಸುವುದು, ಪಂಪು ಮತ್ತು ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯದಂತೆ ಎಚ್ಚರಿಸುವುದು, ಇವಾವುದಕ್ಕೂ ವ್ಯಾಪಾರಿಗೆ ಖರ್ಚಿಲ್ಲ. ಆದರೆ ಇದರಿಂದ ಉಳಿಯುವ ಕೆರೆಯೇ ಮುಂದಿನ ಬೆಳೆಗೂ ಅದನ್ನು ನಂಬಿದ ವ್ಯಾಪಾರಕ್ಕೂ ಮೂಲಧನ.