ಊರಿಗೆ ಹೋಗದ ದೀಪಾವಳಿ

2020ರ ನವೆಂಬರ್. ಕೋವಿಡ್ ಕಾಲದ ಮೊದಲ ದೀಪಾವಳಿಗೆ ತೀರ್ಥಹಳ್ಳಿ ಸಮೀಪದ ನಮ್ಮೂರಿಗೆ ಹೋಗಬೇಕೆ, ಬೇಡವೆ ಎಂಬ ವಿಷಯದಲ್ಲಿ ಬೆಂಗಳೂರಿನಲ್ಲಿದ್ದ ನಾನೂ ಅಣ್ಣನೂ ಮಾತು ಬಿಡುವ ಹಂತ ತಲುಪಿದ್ದೆವು. ಅಪ್ಪಯ್ಯನಿಗೆ 81 ವರ್ಷ, ಅಮ್ಮನಿಗೆ ಸಕ್ಕರೆ ಕಾಯಿಲೆ. ಪರೀಕ್ಷೆ ಮಾಡಿಸಿಕೊಂಡೇ ಹೋಗೋಣ ಎಂಬುದು ಅಣ್ಣನ ವಾದ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ವರದಿ ನೆಗೆಟಿವ್ ಬರಬಹುದು, ಲಕ್ಷಣಗಳಿಲ್ಲದವರೂ ರೋಗ ಹರಡಬಹುದು ಎಂಬುದು ನನ್ನದು. 65 ದಾಟಿದವರು ಮನೆಯಲ್ಲೇ ಇರಲಿ ಎಂದು ಕೇಂದ್ರ ಸರ್ಕಾರವೇನೋ ಸಲಹೆ ನೀಡಿತ್ತು. ಆ ಮನೆಗೆ ಮಕ್ಕಳು ಬರಬಹುದೇ ಎಂಬುದನ್ನು ಮಾತ್ರ ಪ್ರತಿ ಕುಟುಂಬವೂ ಜಗಳವಾಡಿಯೇ ತೀರ್ಮಾನಿಸಬೇಕಿತ್ತು. ‘ನಿನ್ನದು ಭಯವಲ್ಲ, ಸೋಮಾರಿತನ’ ಎಂದ ಅಣ್ಣ. ಆ ಮಾತು ಇಂದಿಗೂ ಚುಚ್ಚುತ್ತದೆ. ಅದರಲ್ಲಿ ತುಸು ನಿಜವಿತ್ತು.

ಕೊನೆಗೆ ಗೆದ್ದವನು ನಾನೇ. ಬರುವುದಿಲ್ಲವೆಂದು ತಿಳಿಸಲು ಫೋನ್ ಮಾಡಿದಾಗ ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು, ‘ಯೋಚನೆ ಸರಿಯಾಗಿಯೇ ಇದೆ. ನಮ್ಮನ್ನೂ ಒಂದು ಮಾತು ಕೇಳಬಹುದಿತ್ತು’ ಎಂದರು. ವಾರವಿಡೀ ನಡೆದ ವಾಗ್ವಾದದಲ್ಲಿ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

2021ರ ಮಾರ್ಚ್ 1ರಂದು 60 ದಾಟಿದವರಿಗೆ ಲಸಿಕೆ ಆರಂಭವಾಯಿತು. ಬೆನ್ನಿಗೇ ಎರಡನೇ ಅಲೆ. ನಾವು ಊರು ಸೇರಿದ್ದು ಆ ವರ್ಷದ ದೀಪಾವಳಿಗೆ. ಬಚ್ಚಲಿನ ಹಂಡೆಗೆ ನೀರು ತುಂಬುವಾಗ, ಹಿಂದಿನ ವರ್ಷ ತುಂಬಿದವರು ಯಾರೆಂದು ಕೇಳಿದೆ.

‘ನಾನೇ. ಕೊಡ ಎತ್ತಲಾಗಲಿಲ್ಲ, ಚೊಂಬಿನಲ್ಲಿ ತುಂಬಿದೆ’ ಎಂದರು ಅಮ್ಮ.