ದೋಣಿಯ ತಳದಲ್ಲಿ ನೀರು: ಸೋರುವುದೆಲ್ಲಿಂದ?

ಜೂನ್ 1ರಿಂದ ಜುಲೈ 31ರ ನಿಷೇಧದ ಅವಧಿಯಲ್ಲಿ ಕಡಲಿಗಿಳಿಯುವುದು ನಮ್ಮ ನಾಡದೋಣಿಗಳು ಮಾತ್ರ. ಕಡಲು ಪ್ರಕ್ಷುಬ್ಧವಾಗಿರುವ ಕಾಲವೂ ಅದೇ. ತಳದಲ್ಲಿ ನಿಂತ ನೀರು ಅಲೆಗೆ ಒಂದೇ ಬದಿಗೆ ಹರಿದರೆ ದೋಣಿ ಮಗುಚೀತು. ಆದುದರಿಂದ ಧರ್ಮಕೇಂದ್ರಗಳ ಮೀನುಗಾರ ಬಾಂಧವರಲ್ಲಿ ನಮ್ಮ ವಿನಂತಿ: ನೀರು ಮೊಗೆದು ಚೆಲ್ಲಿದರೆ ಸಾಲದು, ಮೂಲ ಹುಡುಕಿರಿ.

ನೀರು ಸಪ್ಪೆಯಾದರೆ ಮಳೆಯದು ಅಥವಾ ಐಸಿನದು. ಉಪ್ಪಾದರೆ, ಜೀವಂತ ಮೀನಿನ ತೊಟ್ಟಿಯನ್ನು ಬರಿದು ಮಾಡಿ, ತಳ ಒರೆಸಿ, ಶಾಂತ ನೀರಿನಲ್ಲಿ ಕಟ್ಟಿಡಿ. ಆಗಲೂ ಒಸರಿದರೆ ದೋಷ ತಳದ್ದು; ತೊಟ್ಟಿ ತುಂಬಿದಾಗ ಮಾತ್ರವಾದರೆ ತೊಟ್ಟಿಯದ್ದು ಇಲ್ಲವೇ ಅದರ ಪೈಪಿನ ಜೋಡಣೆಯದ್ದು. ತಳದ್ದೆಂದಾದರೆ ದಡಕ್ಕೆಳೆದು ಒಳಗೆ ಸ್ವಲ್ಪ ನೀರು ಹೊಯ್ಯಿರಿ, ಬಿರುಕು ಹೊರಗೆ ಜಿನುಗಿ ತೋರುತ್ತದೆ. ನೀರು ಬಿಡುವ ಬಿರಡೆ, ಎಂಜಿನ್ ಕೂರಿಸಿದ ಬೋಲ್ಟುಗಳನ್ನು ಮರೆಯಬೇಡಿ. ಫೈಬರ್ ಪೂರ್ತಿ ಒಣಗದೆ ರೆಸಿನ್ ಹಚ್ಚಿದರೆ ಅದು ಹಿಡಿಯದು. ಒಂದು ದಿನದ ಗಳಿಕೆ ಹೋದರೂ ಕಾಯಿರಿ.